ಟ್ಯೂಬ್ ಇರುವ ಪಂಪೋ, ಟ್ಯೂಬ್ ಇಲ್ಲದ ಪಂಪೋ: ಇನ್ಸುಲಿನ್ ಪಂಪ್ ಆರಿಸಿಕೊಳ್ಳುವ ಬಗೆ

ಇನ್ಸುಲಿನ್ ಪಂಪ್ ಹಾಕಿಕೊಳ್ಳಬೇಕೆಂದು ತೀರ್ಮಾನಿಸಿದವರು ವೈದ್ಯರ ಮುಂದೆ ಕುಳಿತಾಗ ಮೊದಲು ಎತ್ತುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಟ್ಯೂಬ್ ಇರುವುದು ಒಳ್ಳೆಯದೋ, ಇಲ್ಲದ್ದು ಒಳ್ಳೆಯದೋ? ಕಣ್ಣಿಗೆ ಎದ್ದು ಕಾಣುವುದು ಟ್ಯೂಬೇ ಆದ್ದರಿಂದ ಪ್ರಶ್ನೆ ಸಹಜವಾದದ್ದೇ. ಆದರೆ ಹಗಲಿರುಳೂ ಮೈಮೇಲೆ ಇರುವ ಯಂತ್ರದ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ಟ್ಯೂಬ್ ಇರುವ ಪಂಪ್ ಬಿಡಿ ಭಾಗಗಳ ಜೋಡಣೆ. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು, ಬೇಕೆನಿಸಿದಾಗ ಕಳಚಿಟ್ಟು ಮತ್ತೆ ಸಿಕ್ಕಿಸಿಕೊಳ್ಳಬಹುದು. ಟ್ಯೂಬ್ ಇಲ್ಲದ ಪಾಡ್ ಆದರೋ ಇನ್ಸುಲಿನ್, ಮೋಟರ್, ಬ್ಯಾಟರಿ, ಸೂಜಿ ಎಲ್ಲವನ್ನೂ ಒಂದೇ ಚಿಪ್ಪಿನೊಳಗೆ ಅಡಗಿಸಿಕೊಂಡಿರುತ್ತದೆ; ಒಮ್ಮೆ ಅಂಟಿಸಿದರೆ ಅವಧಿ ಮುಗಿಯುವವರೆಗೆ ಅಲ್ಲಿಯೇ ಇರಬೇಕು, ಕಿತ್ತರೆ ಎಸೆಯಬೇಕು. ಮುಂದೆ ಹೇಳುವ ಅನುಕೂಲ, ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಎರಡೂ ಬಗೆಯ ಪಂಪುಗಳು ಮಾಡುವ ಕೆಲಸ ಒಂದೇ. ಬೇಗ ಕೆಲಸ ಮಾಡುವ ಇನ್ಸುಲಿನ್ ಒಂದನ್ನೇ ದಿನವಿಡೀ ತೀರಾ ಸಣ್ಣ ಪ್ರಮಾಣಗಳಲ್ಲಿ ಬೇಸಲ್ ಆಗಿ, ಊಟದ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ಬೋಲಸ್ ಆಗಿ ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ಹರಿಸುತ್ತವೆ. ಟ್ಯೂಬ್ ಇರುವ ಪಂಪನ್ನು ಜೇಬಿನಲ್ಲೋ ಸೊಂಟದ ಕ್ಲಿಪ್ಪಿನಲ್ಲೋ ಇಟ್ಟುಕೊಳ್ಳುತ್ತಾರೆ. ಅದರಿಂದ ಹೊರಡುವ ಸುಮಾರು 45ರಿಂದ 110 ಸೆಂಟಿಮೀಟರ್ ಉದ್ದದ ಸಣ್ಣ ಟ್ಯೂಬ್ ಹೊಟ್ಟೆಯ ಮೇಲೋ ತೊಡೆಯ ಮೇಲೋ ಅಂಟಿಸಿದ ಇನ್ಫ್ಯೂಷನ್ ಸೆಟ್ಟಿಗೆ ಬಂದು ಸೇರುತ್ತದೆ, ಮತ್ತು ಆ ಸೆಟ್ಟಿನ ಕ್ಯಾನುಲಾ, ಅಂದರೆ ತೆಳ್ಳನೆಯ ಪುಟ್ಟ ಕೊಳವೆ, ಚರ್ಮದೊಳಗೆ ಇಳಿದಿರುತ್ತದೆ. ಸೆಟ್ಟನ್ನು ಎರಡು ಮೂರು ದಿನಗಳಿಗೊಮ್ಮೆ ಬದಲಿಸಬೇಕು; ಏಳು ದಿನ ಬಾಳುವಂತೆ ತಯಾರಿಸಿದ ಸೆಟ್ಟುಗಳೂ ಈಗ ಇವೆ. ಟ್ಯೂಬ್ ಇಲ್ಲದ ಪಂಪುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಮ್ನಿಪಾಡ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಮೊದಲ ಅನುಮತಿ ಕೊಟ್ಟದ್ದು 2005ರಲ್ಲಿ. ಅದರ ಪಾಡ್ ಸುಮಾರು 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ದಪ್ಪ ಇರುತ್ತದೆ. ಇನ್ಸುಲಿನ್ ತುಂಬುವ ಮೊದಲು ತೂಕ 26 ಗ್ರಾಂ. 72 ಗಂಟೆ ಕೆಲಸ ಮಾಡಿ, ಬದಲಿಸಿಕೊಳ್ಳಲು ಇನ್ನೂ 8 ಗಂಟೆ ಕಾದು, ಆಮೇಲೆ ನಿಂತುಬಿಡುತ್ತದೆ.

ಆಯ್ಕೆಯ ಕೆಲಸವನ್ನು ಕಾಗದ ಪೆನ್ನು ಹಿಡಿದು ಆರಂಭಿಸುವುದು ಒಳ್ಳೆಯದು. ಕಳೆದ ಎರಡು ವಾರಗಳಲ್ಲಿ ನೀವು ದಿನಕ್ಕೆ ಒಟ್ಟು ಎಷ್ಟು ಯೂನಿಟ್ ಇನ್ಸುಲಿನ್ ತೆಗೆದುಕೊಂಡಿದ್ದೀರಿ ಎಂಬುದನ್ನು ಬರೆದು ಸರಾಸರಿ ತೆಗೆಯಿರಿ. ಆಮ್ನಿಪಾಡ್‌ನಲ್ಲಿ ಹಿಡಿಯುವುದು ಹೆಚ್ಚೆಂದರೆ 200 ಯೂನಿಟ್. ಮಿನಿಮೆಡ್ 780ಜಿ, ಟಿ:ಸ್ಲಿಮ್ ಎಕ್ಸ್2 ಮೊದಲಾದ ಟ್ಯೂಬ್ ಪಂಪುಗಳಲ್ಲಿ 300. ದಿನಕ್ಕೆ 40 ಯೂನಿಟ್ ಬೇಕಾಗುವವರಿಗೆ ಮೂರು ದಿನಕ್ಕೆ 120 ಸಾಕಾಗುವುದರಿಂದ ಈ ಲೆಕ್ಕ ಯಾವ ತೊಡಕನ್ನೂ ಒಡ್ಡುವುದಿಲ್ಲ. ದಿನಕ್ಕೆ 80 ಯೂನಿಟ್ ಬೇಕಾಗುವವರ ಪಾಡ್ ಮಾತ್ರ ಎರಡೂವರೆ ದಿನಕ್ಕೇ ಬರಿದಾಗುತ್ತದೆ. ವರ್ಷಕ್ಕೆ 122 ಪಾಡ್ ಸಾಕಾಗಬೇಕಿದ್ದಲ್ಲಿ 146 ಬೇಕಾಗುತ್ತವೆ, ಮತ್ತು ಬದಲಿಸುವ ಹೊತ್ತು ಒಮ್ಮೆ ಬೆಳಿಗ್ಗೆ ಬಂದರೆ ಇನ್ನೊಮ್ಮೆ ರಾತ್ರಿ ಬರುತ್ತದೆ. ಟೈಪ್ 2 ಮಧುಮೇಹ ಇರುವವರಲ್ಲಿ ಇಷ್ಟು ಪ್ರಮಾಣ ಅಪರೂಪವೇನಲ್ಲವಾದ್ದರಿಂದ ಅವರು ಈ ಲೆಕ್ಕವನ್ನು ಬಿಟ್ಟು ಮುಂದೆ ಹೋಗಬಾರದು.

ಲೆಕ್ಕದ ಇನ್ನೊಂದು ತುದಿಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಪಾಡ್ ಕೆಲಸ ಆರಂಭಿಸಬೇಕಾದರೆ ಕನಿಷ್ಠ 85 ಯೂನಿಟ್ ತುಂಬಲೇಬೇಕು. ಅಷ್ಟು ಬಿದ್ದಾಗ ಅದು ಎರಡು ಸಲ ಬೀಪ್ ಎನ್ನುತ್ತದೆ. ದಿನಕ್ಕೆ 12 ಯೂನಿಟ್ ಬೇಕಾಗುವ ಮಗು ಮೂರು ದಿನದಲ್ಲಿ ಬಳಸುವುದು 36; ಉಳಿದ 49 ಯೂನಿಟ್ ಪಾಡಿನ ಜೊತೆಗೆ ಕಸಕ್ಕೆ ಹೋಗುತ್ತದೆ. ಟ್ಯೂಬ್ ಪಂಪಿನಲ್ಲಿ ಬೇಕಾದಷ್ಟೇ ತುಂಬಿಕೊಳ್ಳಬಹುದು, ಆದರೆ ಟ್ಯೂಬನ್ನು ತುಂಬಲು ಹತ್ತು ಯೂನಿಟ್‌ಗೂ ಹೆಚ್ಚು ಬೇಕಾಗುವುದುಂಟು ಎಂಬುದನ್ನು ಮರೆಯಬಾರದು. ಬೇಸಲ್ ಪ್ರಮಾಣವನ್ನು ಎಷ್ಟು ಸಣ್ಣ ಹಂತಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಆಮ್ನಿಪಾಡ್‌ನಲ್ಲಿ ಆ ಹಂತ 0.05 ಯೂನಿಟ್, ಮಿನಿಮೆಡ್‌ನಲ್ಲಿ 0.025. ದೊಡ್ಡವರಿಗೆ ಇದು ಲೆಕ್ಕಕ್ಕೇ ಬಾರದ ವ್ಯತ್ಯಾಸ. ಎರಡು ವರ್ಷದ ಮಗುವಿಗೆ ಹಾಗಲ್ಲ.

ಪ್ರಮಾಣದ ಲೆಕ್ಕ ಮುಗಿದ ಮೇಲೂ ಟ್ಯೂಬಿನ ಪ್ರಶ್ನೆಗೆ ಬರುವ ಹೊತ್ತಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂದಿನ ಪಂಪುಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮೈಗೆ ಅಂಟಿಸಿಕೊಂಡ ಸೆನ್ಸರ್ ಐದೈದು ನಿಮಿಷಕ್ಕೊಮ್ಮೆ ಕಳಿಸುವ ಸಕ್ಕರೆಯ ಮಟ್ಟವನ್ನು ಓದಿ ಇನ್ಸುಲಿನನ್ನು ತಾವೇ ಏರಿಸಿ ಇಳಿಸುತ್ತವೆ. 2016ರಲ್ಲಿ ಮಿನಿಮೆಡ್ 670ಜಿ ಇಂಥ ವ್ಯವಸ್ಥೆಗೆ ಎಫ್‌ಡಿಎ ಅನುಮತಿ ಪಡೆದ ಮೊದಲ ಪಂಪ್ ಆಯಿತು. 2019ರ ಕೊನೆಗೆ ಟಿ:ಸ್ಲಿಮ್‌ನ ಕಂಟ್ರೋಲ್-ಐಕ್ಯೂ ಬಂತು. ಟ್ಯೂಬ್ ಇಲ್ಲದವುಗಳಲ್ಲಿ ಆಮ್ನಿಪಾಡ್ 5 ಅನುಮತಿ ಪಡೆದದ್ದು 2022ರ ಜನವರಿಯಲ್ಲಿ. ಇವು ಒಂದೇ ರೀತಿ ಯೋಚಿಸುವುದಿಲ್ಲ. 780ಜಿಯಲ್ಲಿ ಗುರಿಯನ್ನು 100 ಮಿಲಿಗ್ರಾಂವರೆಗೆ ಇಳಿಸಿಡಬಹುದು, ಮತ್ತು ಸಕ್ಕರೆ ಏರಿದ್ದರೆ ಅದು ಐದು ನಿಮಿಷಕ್ಕೊಮ್ಮೆ ತಿದ್ದುವ ಬೋಲಸ್ ಕೊಡಬಲ್ಲದು. ಕಂಟ್ರೋಲ್-ಐಕ್ಯೂ ಅಂಥ ಬೋಲಸನ್ನು ಗಂಟೆಗೆ ಹೆಚ್ಚೆಂದರೆ ಒಮ್ಮೆ, ಅದನ್ನೂ ಲೆಕ್ಕಕ್ಕೆ ಬಂದ ಪ್ರಮಾಣದ 60 ಶೇಕಡಾದಷ್ಟು ಮಾತ್ರ ಕೊಡುತ್ತದೆ. ಆಮ್ನಿಪಾಡ್ 5 ಬಂದಾಗ ಅದರಲ್ಲಿ ಗುರಿಯನ್ನು 110ರಿಂದ 150ರವರೆಗೆ ಆರಿಸಿಕೊಳ್ಳಬಹುದಿತ್ತು. ಗರ್ಭಧಾರಣೆಗೆ ಸಿದ್ಧರಾಗುತ್ತಿರುವವರಿಗೆ ಬೇಕಾಗುವ ಬಿಗಿ ನಿಯಂತ್ರಣವೇ ಬೇರೆ, ಸಕ್ಕರೆ ಇಳಿದರೂ ಸೂಚನೆಯೇ ಗೊತ್ತಾಗದವರಿಗೆ ಬೇಕಾಗುವ ಎಚ್ಚರವೇ ಬೇರೆ. ಈಗಾಗಲೇ ನಿಮ್ಮ ಮೈಗೆ ಒಗ್ಗಿರುವ ಸೆನ್ಸರ್ ಯಾವ ಪಂಪಿನ ಜೊತೆ ಹೊಂದಿಕೊಳ್ಳುತ್ತದೆ, ಆ ಪಂಪಿನ ಲೆಕ್ಕಾಚಾರ ನಿಮ್ಮ ಗುರಿಗೆ ಸರಿಹೋಗುತ್ತದೆಯೇ ಎಂಬುದನ್ನು ವೈದ್ಯರ ಜೊತೆ ಮೊದಲು ತೀರ್ಮಾನಿಸಿ. ಎಷ್ಟೋ ಸಲ ಇಲ್ಲಿಗೇ ಆಯ್ಕೆ ಒಂದಕ್ಕೋ ಎರಡಕ್ಕೋ ಇಳಿದಿರುತ್ತದೆ.

ಇನ್ನು ಕಳಚುವ ವಿಷಯ. ಟ್ಯೂಬ್ ಇರುವ ಪಂಪನ್ನು ಸ್ನಾನಕ್ಕೆ, ಈಜಿಗೆ, ಕುಸ್ತಿಯಂಥ ಮೈ ತಾಗುವ ಆಟಗಳಿಗೆ ಸೆಟ್ಟಿನ ಬಳಿ ಬಿಚ್ಚಿ ಪಕ್ಕಕ್ಕಿಡಬಹುದು. ಕಳಚಿಟ್ಟ ಹೊತ್ತು ಸಾಮಾನ್ಯವಾಗಿ ಒಂದು ಗಂಟೆ ಮೀರದಂತೆ ನೋಡಿಕೊಳ್ಳಬೇಕು. ಈ ಸ್ವಾತಂತ್ರ್ಯದಲ್ಲೇ ಒಂದು ಅಪಾಯವೂ ಇದೆ. ಸ್ನಾನದ ಮನೆಯ ಗೂಡಿನಲ್ಲಿ ಪಂಪ್ ಬಿಟ್ಟು ಬಂದು, ಊಟಕ್ಕೆ ಕುಳಿತಾಗ ಸೊಂಟಕ್ಕೆ ಕೈ ಹಾಕಿ ನೋಡಿದರೆ ಪಂಪೇ ಇಲ್ಲ ಎಂಬಂಥ ಪ್ರಸಂಗ ಪಂಪ್ ಬಳಸುವವರಲ್ಲಿ ಹಲವರಿಗೆ ಗೊತ್ತಿರುವುದೇ. ಪಾಡ್‌ನಲ್ಲಿ ಈ ಮರೆವಿಗೆ ಎಡೆಯೇ ಇಲ್ಲ. ಅದು ನೀರಿನಲ್ಲೂ ಕೆಲಸ ಮಾಡುತ್ತದೆ, 7.6 ಮೀಟರ್ ಆಳದಲ್ಲಿ ಒಂದು ಗಂಟೆಯವರೆಗೆ ತಡೆದುಕೊಳ್ಳುವಂತೆ ಅದನ್ನು ತಯಾರಿಸಿದ್ದಾರೆ, ಆದರೆ ಅದನ್ನು ದೂರದಿಂದ ನಡೆಸುವ ಕೈಯಂತ್ರಕ್ಕೆ, ಅಂದರೆ ಕಂಟ್ರೋಲರ್‌ಗೆ, ನೀರು ಸೋಕುವಂತಿಲ್ಲ. ದಿನವೂ ಈಜುವವರಿಗೆ, ಗಂಟೆಗಟ್ಟಲೆ ನೀರಿನಲ್ಲಿರುವವರಿಗೆ ಇದು ಸಣ್ಣ ಲಾಭವಲ್ಲ. ಎಂಆರ್‌ಐ ಕೋಣೆಯೊಳಗೆ ಮಾತ್ರ ಇವೆರಡರಲ್ಲಿ ಯಾವುದೂ ಹೋಗುವಂತಿಲ್ಲ: ಟ್ಯೂಬ್ ಪಂಪನ್ನು ಹೊರಗಿಟ್ಟು ಬಂದು ಮತ್ತೆ ಸಿಕ್ಕಿಸಿಕೊಳ್ಳಬಹುದು, ಪಾಡನ್ನು ಅರ್ಧ ತುಂಬಿದ್ದರೂ ಕಿತ್ತು ಎಸೆದು ಹೊಸದನ್ನು ಹಾಕಿಕೊಳ್ಳಬೇಕು. ಮೇಲಿಂದ ಮೇಲೆ ಇಂಥ ಸ್ಕ್ಯಾನ್ ಆಗಬೇಕಾದವರು ಇದನ್ನು ಗಮನದಲ್ಲಿಡಬೇಕು.

ಕೆಡುವುದು ಹೇಗೆ ಎಂಬುದನ್ನು ತಿಳಿಯದೆ ಯಾವ ಪಂಪನ್ನೂ ಆರಿಸಬಾರದು. ಮೈಯಲ್ಲಿ ದೀರ್ಘಕಾಲದ ಇನ್ಸುಲಿನ್ ಇಲ್ಲದ ಕಾರಣ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಕೊಬ್ಬು ಕರಗಿ ಹುಟ್ಟುವ ಕೀಟೋನ್ ರಕ್ತದಲ್ಲಿ ಏರತೊಡಗುತ್ತದೆ. ಟೈಪ್ 1 ಇರುವವರಲ್ಲಿ ಅದು ರಕ್ತವನ್ನು ಆಮ್ಲೀಯವಾಗಿಸಿ ಜೀವಕ್ಕೇ ಕುತ್ತು ತರುವ ಕೀಟೋಅಸಿಡೋಸಿಸ್‌ಗೆ ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಟ್ಯೂಬ್ ಪಂಪಿನ ಶತ್ರು ಬಾಗಿಲ ಹಿಡಿಕೆ. ಬೆಳಗಿನ ಅವಸರದಲ್ಲಿ ಅಡುಗೆಮನೆಯ ಡ್ರಾಯರಿನ ಗುಬುಟಿಗೆ ಟ್ಯೂಬಿನ ಸುರುಳಿ ಸಿಕ್ಕಿ ಚುರುಕ್ಕೆಂದು ಎಳೆದಂತಾಗುತ್ತದೆ. ಸೆಟ್ ಪೂರ್ತಿ ಕಿತ್ತು ಬಂದರೆ ಅದೇ ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣುತ್ತದೆ, ಆ ಕ್ಷಣವೇ ಬದಲಿಸುತ್ತೀರಿ. ಕ್ಯಾನುಲಾ ಅರ್ಧ ಮಾತ್ರ ಹೊರಬಂದು ಅಂಟು ಮೇಲೆ ಹಾಗೆಯೇ ಕೂತಿದ್ದರೆ ಪಂಪಿಗೆ ಏನೂ ಗೊತ್ತಾಗುವುದಿಲ್ಲ; ಅದು ನಿಷ್ಠೆಯಿಂದ ಇನ್ಸುಲಿನ್ ಕಳಿಸುತ್ತಲೇ ಇರುತ್ತದೆ, ಇನ್ಸುಲಿನ್ ಚರ್ಮದ ಮೇಲೆ ಒಸರುತ್ತಲೇ ಇರುತ್ತದೆ. ಆಗ ಅಂಟಿನ ಅಂಚು ಒದ್ದೆಯಾಗಿರುತ್ತದೆ, ಬೆರಳಾಡಿಸಿ ಮೂಸಿದರೆ ಆಸ್ಪತ್ರೆಯ ಔಷಧಿಯಂಥ ಘಾಟು ಬರುತ್ತದೆ. ಇನ್ಸುಲಿನ್ ಕೆಡದಿರಲು ಬೆರೆಸುವ ಫೀನಾಲ್ ಜಾತಿಯ ರಾಸಾಯನಿಕದ ವಾಸನೆ ಅದು. ಕಾರಣವಿಲ್ಲದೆ ಸಕ್ಕರೆ ಏರಿದಾಗ ಪರದೆಯನ್ನು ನೋಡುವ ಮೊದಲು ಅಂಟನ್ನು ಮೂಸಿ ನೋಡುವುದನ್ನು ರೂಢಿಸಿಕೊಳ್ಳಿ. ಗಾಳಿಗುಳ್ಳೆಯ ಕಾಟವೂ ಟ್ಯೂಬಿನಲ್ಲಿ ಹೆಚ್ಚು. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಇನ್ಸುಲಿನನ್ನು ತುಂಬಿದರೆ ಅದು ಬೆಚ್ಚಗಾಗುತ್ತಿದ್ದಂತೆ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬಂದು ಟ್ಯೂಬಿನಲ್ಲಿ ನಿಲ್ಲುತ್ತದೆ. ಗುಳ್ಳೆ ಸಾಗುವಷ್ಟು ಹೊತ್ತು ಇನ್ಸುಲಿನ್ ಬದಲು ಗಾಳಿ ಹೋಗುತ್ತಿರುತ್ತದೆ. ಪಾರದರ್ಶಕವಾದ ಟ್ಯೂಬಿನಲ್ಲಿ ಇದನ್ನು ಕಣ್ಣಾರೆ ಕಂಡು ಹೊರದೂಡಬಹುದು ಎಂಬುದೇ ಸಮಾಧಾನ. ಪಾಡಿನ ಒಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ.

ಪಾಡ್ ಕೆಡುವ ಪರಿಯೇ ಬೇರೆ. ಅದರಲ್ಲಿ ಎಳೆದು ಕೀಳುವಂಥ ದಾರವಿಲ್ಲ, ಆದರೆ ತೋಳಿನ ಮೇಲಿದ್ದದ್ದು ಬಾಗಿಲ ಚೌಕಟ್ಟಿಗೆ ಬಡಿದು ಅಂಚು ಎದ್ದೀತು, ಮೇಲುಡುಪು ಕಳಚುವಾಗ ಅದರ ಜೊತೆಗೇ ಬಂದೀತು. ಕ್ಯಾನುಲಾ ಮಡಚಿಕೊಂಡರೆ ಅಥವಾ ಒಳಗಿನ ಯಂತ್ರ ತಪ್ಪಿದರೆ ಅದು ನಿಲ್ಲದೆ ಕಿರುಚತೊಡಗುತ್ತದೆ. ಆಗ ರಿಪೇರಿಯ ಮಾತೇ ಇಲ್ಲ. ಒಳಗೆ 150 ಯೂನಿಟ್ ಉಳಿದಿದ್ದರೂ ಇಡೀ ಪಾಡ್ ಹೋಗುತ್ತದೆ. ಟ್ಯೂಬ್ ಪಂಪಿನಲ್ಲಿ ಇದೇ ತೊಂದರೆ ಬಂದಿದ್ದರೆ ಸೆಟ್ಟನ್ನಷ್ಟೇ ಬದಲಿಸಿ ಪಂಪಿನೊಳಗಿನ ರಿಸರ್ವಾಯರಿನಲ್ಲಿ ತುಂಬಿಟ್ಟ ಇನ್ಸುಲಿನ್ ಉಳಿಸಿಕೊಳ್ಳಬಹುದಿತ್ತು. ಕಂಟ್ರೋಲರ್‌ನಿಂದಲೂ ಸದ್ದು ನಿಲ್ಲದಿದ್ದರೆ ಪಾಡಿನ ತಳದಲ್ಲಿರುವ ಸಣ್ಣ ಕಿಂಡಿಗೆ ಪೇಪರ್ ಕ್ಲಿಪ್ಪಿನ ತುದಿಯನ್ನು ಒತ್ತಬೇಕು. ರಾತ್ರಿ ಎರಡು ಗಂಟೆಗೆ ಇದನ್ನು ಕಲಿಯುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ಚರ್ಮದ ಮಾತನ್ನು ಹೆಚ್ಚಿನವರು ಕೊನೆಗೆ ಬಿಡುತ್ತಾರೆ, ಪಂಪ್ ಬಿಟ್ಟುಬಿಡುವವರಲ್ಲಿ ಹಲವರು ಬಿಡುವುದು ಚರ್ಮದ ಕಾಟಕ್ಕೇ. ಪಾಡಿನ ಅಂಟು ಅಗಲವಾದದ್ದು, ಅದರಲ್ಲಿ ಅಂಟೂ ಒಂದೇ ಬಗೆ, ಕ್ಯಾನುಲಾವೂ ಒಂದೇ ಬಗೆ. ಚರ್ಮ ಒಪ್ಪದಿದ್ದರೆ ಪರ್ಯಾಯ ಕಡಿಮೆ. ಟ್ಯೂಬ್ ಪಂಪಿಗೆ ನೇರವಾಗಿ ಇಳಿಯುವ 6 ಅಥವಾ 9 ಮಿಲಿಮೀಟರ್ ಕ್ಯಾನುಲಾ, ತೆಳ್ಳನೆಯ ಮೈಯವರಿಗೆ ಓರೆಯಾಗಿ ಇಳಿಯುವ ಕ್ಯಾನುಲಾ, ಪ್ಲಾಸ್ಟಿಕ್ ಮೇಲಿಂದ ಮೇಲೆ ಮಡಚಿಕೊಳ್ಳುವವರಿಗೆ ಉಕ್ಕಿನ ಸೂಜಿ, ಹೀಗೆ ಸೆಟ್ಟುಗಳಲ್ಲೇ ಹಲವು ಬಗೆಗಳಿವೆ. ಒಂದು ಒಗ್ಗದಿದ್ದರೆ ಪಂಪನ್ನು ಬಿಡದೆ ಸೆಟ್ಟನ್ನಷ್ಟೇ ಬದಲಿಸಿ ನೋಡಬಹುದು. ಪಾಡ್ ಗೆಲ್ಲುವುದು ಜಾಗದ ವಿಷಯದಲ್ಲಿ. ತೋಳಿನ ಹಿಂಬದಿ, ಬೆನ್ನಿನ ಕೆಳಭಾಗ, ತೊಡೆ, ಹೊಟ್ಟೆ ಎಲ್ಲವೂ ಅದಕ್ಕೆ ಸಲೀಸು. ಟ್ಯೂಬ್ ಇದ್ದರೆ ತೋಳಿನಿಂದ ಸೊಂಟದವರೆಗೆ ಬಟ್ಟೆಯೊಳಗೆ ದಾರಿ ಮಾಡಬೇಕಾದ್ದರಿಂದ ಜನ ಮತ್ತೆ ಮತ್ತೆ ಹೊಟ್ಟೆಗೇ ಬರುತ್ತಾರೆ. ಒಂದೇ ಜಾಗಕ್ಕೆ ಪದೇ ಪದೇ ಚುಚ್ಚಿದರೆ ಅಲ್ಲಿ ಕೊಬ್ಬು ಗಂಟುಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡು ಹೊಟ್ಟೆಯ ಮೇಲೆ ಈಗಾಗಲೇ ಗಂಟುಗಳಿರುವವರು ಅಂಗೈಯಿಂದ ಒತ್ತಿ ಸವರಿ ಪರೀಕ್ಷಿಸಿಕೊಂಡು, ಉಳಿದಿರುವ ಒಳ್ಳೆಯ ಜಾಗ ಎಲ್ಲೆಲ್ಲಿದೆ ಎಂದು ನೋಡಿ ತೀರ್ಮಾನಿಸಬೇಕು.

ಕೈ, ಕಣ್ಣು ಮತ್ತು ಮನಸ್ಸು ಇವು ಮೂರೂ ಇಲ್ಲಿ ಪಾತ್ರ ವಹಿಸುತ್ತವೆ. ಪಾಡಿನ ಸೂಜಿ ಕಣ್ಣಿಗೆ ಬೀಳುವುದೇ ಇಲ್ಲ. ಸಿರಿಂಜಿನಿಂದ ಇನ್ಸುಲಿನ್ ತುಂಬಿ, ಮೈಗೆ ಅಂಟಿಸಿ, ಕಂಟ್ರೋಲರ್‌ನಲ್ಲಿ ಒತ್ತಿದರೆ ಒಳಗೆ ಕಟಕಟ ಸದ್ದಾಗಿ ಒಮ್ಮೆ ಚುಚ್ಚಿದಂತಾಗುತ್ತದೆ. ಕಿಟಕಿಯಲ್ಲಿ ಗುಲಾಬಿ ಬಣ್ಣ ಕಂಡರೆ ಕ್ಯಾನುಲಾ ಹೊರಚಾಚಿದೆ ಎಂದು ಅರ್ಥ. ಸೂಜಿ ಕಂಡರೆ ಬೆವರುವವರಿಗೆ ಇದು ದೊಡ್ಡ ಉಪಕಾರ. ಆದರೆ ಪಾಡ್‌ನ ಮೇಲೆ ಗುಂಡಿಯೂ ಇಲ್ಲ, ಪರದೆಯೂ ಇಲ್ಲ. ಕಂಟ್ರೋಲರ್ ಅಥವಾ ಫೋನ್ ಮನೆಯಲ್ಲಿ ಉಳಿದರೆ ಬೇಸಲ್ ಹರಿಯುತ್ತಲೇ ಇರುತ್ತದೆ, ಆಮ್ನಿಪಾಡ್ 5ರಲ್ಲಿ ಲೆಕ್ಕಾಚಾರವೂ ಪಾಡ್‌ನೊಳಗೇ ನಡೆಯುವುದರಿಂದ ಸ್ವಯಂಚಾಲಿತ ಹೊಂದಾಣಿಕೆಯೂ ಮುಂದುವರಿಯುತ್ತದೆ, ಆದರೆ ಊಟಕ್ಕೆ ಬೋಲಸ್ ಕೊಡಲು ದಾರಿಯಿಲ್ಲ. ಪರದೆ ಇರುವ ಟ್ಯೂಬ್ ಪಂಪಿನಲ್ಲಿ ಎಲ್ಲವೂ ಸೊಂಟದಲ್ಲೇ ಇರುತ್ತದೆ. ಜೇಬಿಲ್ಲದ ಉಡುಪು ತೊಡುವವರಿಗೆ ಮಾತ್ರ ಆ ಸೊಂಟದ ಭಾರವನ್ನು ಎಲ್ಲಿಡುವುದು ಎಂಬುದು ದಿನನಿತ್ಯದ ಸಮಸ್ಯೆ. ಬ್ಯಾಟರಿ ಸೇರಿ ನೂರು ಗ್ರಾಂ ಮೀರುವ ಪಂಪುಗಳೂ ಇವೆ.

ಇವೆರಡರ ನಡುವೆ ನಿಲ್ಲುವ ಪಂಪುಗಳನ್ನೂ ನೋಡದೆ ಬಿಡಬೇಡಿ. 2023ರಲ್ಲಿ ಅನುಮತಿ ಪಡೆದ ಟ್ಯಾಂಡೆಮ್ ಮೋಬಿ 200 ಯೂನಿಟ್ ಹಿಡಿಯುವ ಪುಟ್ಟ ಪಂಪ್. ಸುಮಾರು 13 ಸೆಂಟಿಮೀಟರ್ ಉದ್ದದ ಗಿಡ್ಡ ಟ್ಯೂಬ್ ಬಳಸಿ ಅದನ್ನು ಮೈಗೇ ಅಂಟಿಸಿಕೊಳ್ಳಲೂಬಹುದು, ಬೇಕಾದಾಗ ಕಳಚಲೂಬಹುದು. ಆಕ್ಯು-ಚೆಕ್ ಸೋಲೋ ಟ್ಯೂಬ್ ಇಲ್ಲದ್ದಾದರೂ ಮೈಗಂಟಿದ ಹೋಲ್ಡರ್‌ನಿಂದ ಬಿಡಿಸಿ ಮತ್ತೆ ಕೂರಿಸುವಂಥದ್ದು. ಟ್ಯೂಬ್ ಬೇಡ, ಆದರೆ ಕಳಚುವ ಸೌಲಭ್ಯ ಬೇಕು ಎನ್ನುವವರಿಗೆ ಈ ಬಗೆ ಹೊಂದುತ್ತದೆ. ನೀವಿರುವಲ್ಲಿ ದೊರೆಯುತ್ತದೆಯೇ, ಪ್ರತಿ ತಿಂಗಳೂ ಬೇಕಾಗುವ ಬಿಡಿಭಾಗಗಳು ತಡವಿಲ್ಲದೆ ಸಿಗುತ್ತವೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ.

ಖರ್ಚಿನ ರಚನೆಯೂ ಬೇರೆ ಬೇರೆ. ಟ್ಯೂಬ್ ಪಂಪಿಗೆ ಆರಂಭದಲ್ಲೇ ದೊಡ್ಡ ಮೊತ್ತ, ಆಮೇಲೆ ಸೆಟ್ಟು, ರಿಸರ್ವಾಯರುಗಳ ಖರ್ಚು. ಗ್ಯಾರಂಟಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು, ಅಂದರೆ ಅಷ್ಟು ಕಾಲ ಅದೇ ಪಂಪಿಗೆ ಕಟ್ಟುಬಿದ್ದಂತೆ. ಪಾಡ್‌ನಲ್ಲಿ ಆರಂಭದ ಮೊತ್ತ ಕಡಿಮೆ, ತಿಂಗಳ ಖರ್ಚು ಹೆಚ್ಚು, ಒಗ್ಗದಿದ್ದರೆ ಬಿಡುವುದು ಸುಲಭ. ಎರಡನ್ನೂ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ, ಕೆಟ್ಟುಹೋಗುವ ಪಾಡ್‌ಗಳನ್ನೂ ಸೇರಿಸಿ ಹೋಲಿಸಿ. ಬ್ಯಾಟರಿ ಸಹಿತ ಮೂರು ದಿನಕ್ಕೊಂದು ಪಾಡ್ ಕಸಕ್ಕೆ ಹೋಗುವುದು ಕೆಲವರ ಮನಸ್ಸಿಗೆ ಚುಚ್ಚುತ್ತದೆ. ಆ ಚುಚ್ಚುವಿಕೆಗೂ ಬೆಲೆ ಕೊಡಬಹುದು.

ಇಷ್ಟೆಲ್ಲ ಆದ ಮೇಲೂ ತೀರ್ಮಾನವನ್ನು ಕುರ್ಚಿಯಲ್ಲಿ ಕುಳಿತು ಮಾಡಬೇಡಿ. ಪ್ರದರ್ಶನಕ್ಕೆಂದು ಕೊಡುವ ಸೂಜಿಯಿಲ್ಲದ ಖಾಲಿ ಪಾಡ್ ಸಿಗುತ್ತದೆಯೇ ಎಂದು ಮಧುಮೇಹ ಚಿಕಿತ್ಸಾಲಯದಲ್ಲಿ ಕೇಳಿ ನೋಡಿ. ಸಿಕ್ಕರೆ ಅದನ್ನು ಮೂರು ದಿನ ಮೈಮೇಲಿಟ್ಟುಕೊಳ್ಳಿ, ಆಮೇಲೆ ಮಾದರಿ ಟ್ಯೂಬ್ ಪಂಪನ್ನು ಮೂರು ದಿನ. ಸಿಗದಿದ್ದರೆ ಅಷ್ಟೇ ತೂಕದ ಪೆಟ್ಟಿಗೆಯನ್ನು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದರೂ ಬೇಕಾದಷ್ಟು ತಿಳಿಯುತ್ತದೆ. ನೀವು ಮಲಗುವ ಮಗ್ಗುಲಿಗೆ ಒತ್ತುತ್ತದೆಯೇ, ಬೆವರಿಗೆ ಅಂಟು ಏಳುತ್ತದೆಯೇ, ಕಿತ್ತ ಮೇಲೆ ಚರ್ಮ ಎಷ್ಟು ದಿನ ಕೆಂಪಾಗಿರುತ್ತದೆ, ಮಗುವನ್ನು ಎತ್ತಿಕೊಂಡಾಗ ಅದರ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಮಗುವಿಗಾಗಿಯೇ ಪಂಪ್ ಆರಿಸುತ್ತಿದ್ದರೆ ಮಗುವಿನ ಮೇಲೆಯೇ ಪರೀಕ್ಷಿಸಿ, ಮತ್ತು ಹತ್ತು ದಾಟಿದ ಮಗುವಾದರೆ ಕೊನೆಯ ಮಾತು ಅದರದ್ದೇ ಇರಲಿ. ಮಕ್ಕಳು ತಾವು ಒಪ್ಪದ ಯಂತ್ರವನ್ನು ಹೇಗಾದರೂ ಮಾಡಿ ಕಳಚುತ್ತಾರೆ.

ನನ್ನನ್ನು ಕೇಳಿದರೆ, ದಿನಕ್ಕೆ 65 ಯೂನಿಟ್ ಮೀರುವವರಿಗೆ, ಅಂಟಿನ ಅಲರ್ಜಿ ಇರುವವರಿಗೆ, ಎಲ್ಲವೂ ಕೈಯಳತೆಯಲ್ಲೇ ಕಣ್ಣಿಗೆ ಕಾಣಬೇಕೆನ್ನುವವರಿಗೆ ಟ್ಯೂಬ್ ಪಂಪನ್ನೇ ಹೇಳುತ್ತೇನೆ. ನೀರಿನಲ್ಲಿ, ಮೈದಾನದಲ್ಲಿ ಹೆಚ್ಚು ಹೊತ್ತು ಕಳೆಯುವವರಿಗೆ, ಸೂಜಿಗೆ ಅಂಜುವವರಿಗೆ, ಕಳಚಿಟ್ಟು ಮರೆಯುವ ಸ್ವಭಾವದವರಿಗೆ ಪಾಡ್. ಉಳಿದವರಿಗೆ ಎರಡೂ ನಡೆಯುತ್ತದೆ. ಅವರು ಸೆನ್ಸರ್ ನೋಡಿ ಆರಿಸಲಿ.

ಯಾವುದನ್ನೇ ಆರಿಸಿದರೂ ಪಂಪ್ ಬರುವ ಮೊದಲೇ ಒಂದು ಚೀಲವನ್ನು ಸಿದ್ಧಪಡಿಸಿಟ್ಟುಕೊಳ್ಳಿ. ಬೇಗ ಕೆಲಸ ಮಾಡುವ ಇನ್ಸುಲಿನ್ ಪೆನ್, ಸೂಜಿಗಳು, ಕೀಟೋನ್ ಪಟ್ಟಿಗಳು, ಗ್ಲುಕೋಮೀಟರ್, ಒಂದು ಹೆಚ್ಚುವರಿ ಸೆಟ್ ಅಥವಾ ಪಾಡ್ ಅದರಲ್ಲಿರಲಿ. ಕಾರಣವಿಲ್ಲದೆ ಸಕ್ಕರೆ 250 ಮಿಲಿಗ್ರಾಂ ದಾಟಿ ಕೀಟೋನ್ ಕಂಡರೆ ತಿದ್ದುವ ಪ್ರಮಾಣವನ್ನು ಪಂಪಿನಿಂದಲ್ಲ, ಪೆನ್ನಿನಿಂದ ತೆಗೆದುಕೊಂಡು, ಆಮೇಲೆ ಸೆಟ್ ಅಥವಾ ಪಾಡ್ ಬದಲಿಸಬೇಕು. ವಾಂತಿ ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪಂಪ್ ಪೂರ್ತಿ ನಿಂತರೆ ತೆಗೆದುಕೊಳ್ಳಬೇಕಾದ ದೀರ್ಘಕಾಲದ ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಅದೇ ಕಾಗದದ ಮೇಲೆ ಗಂಟೆವಾರು ಬೇಸಲ್, ಎಷ್ಟು ಗ್ರಾಂ ಕಾರ್ಬೋಹೈಡ್ರೇಟಿಗೆ ಒಂದು ಯೂನಿಟ್, ಒಂದು ಯೂನಿಟ್ ಎಷ್ಟು ಸಕ್ಕರೆ ಇಳಿಸುತ್ತದೆ ಎಂಬ ಅಂಕಿಗಳನ್ನೂ ಬರೆದು, ಬದಲಾದಾಗಲೆಲ್ಲ ತಿದ್ದಿ, ದಿನಾಂಕ ಹಾಕಿಡಿ. ಸತ್ತ ಪಂಪಿನ ಪರದೆಯಿಂದ ಅವನ್ನು ಓದಲು ಬರುವುದಿಲ್ಲ.